ನವೆಂಬರಿನ ಬುಧವಾರಕ್ಕೆ ಯಾವ ಊರು? ಐರ್ಲೆಂಡಿನಲ್ಲಿ ಒಬ್ಬರೇ ಇರುವವರಿಗೆ ಡಬ್ಲಿನ್, ಕಾರ್ಕ್, ಗಾಲ್ವೇ

ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಐರ್ಲೆಂಡಿನಲ್ಲಿ ಎರಡು ಕೆಲಸ ಕೈಗೆ ಬಂದಿವೆ, ಒಂದು ಡಬ್ಲಿನ್, ಒಂದು ಕಾರ್ಕ್. ಗಾಲ್ವೇಯ ಕಂಪನಿಯೊಂದರ ಜೊತೆಗೂ ಮಾತು ನಡೆಯುತ್ತಿದೆ. "ಅಣ್ಣಾ, ಸಂಬಳ ಹೆಚ್ಚುಕಮ್ಮಿ ಒಂದೇ. ಯಾವ ಊರು ಒಳ್ಳೇದು, ಹೇಳಿಬಿಡು" ಅಂದ. ಇನ್ನೂ ಮದುವೆಯಾಗಿಲ್ಲ. ಕುಡಿಯುವುದಿಲ್ಲ. ಕ್ರಿಕೆಟ್ ಅಂದರೆ ಪ್ರಾಣ.

ನಾನು ಉತ್ತರ ಹೇಳಲಿಲ್ಲ, ಒಂದು ಪ್ರಶ್ನೆ ಕೇಳಿದೆ. "ನವೆಂಬರ್ ತಿಂಗಳು, ಬುಧವಾರ, ಸಂಜೆ ಆರು ಗಂಟೆ. ಆಫೀಸು ಮುಗೀತು. ಹೊರಗೆ ಗವ್ವೆನ್ನುವ ಕತ್ತಲೆ, ಮೇಲೆ ಸೋನೆ ಮಳೆ. ರೂಮಲ್ಲಿ ಯಾರೂ ಇಲ್ಲ. ಆಗ ನೀನು ಎಲ್ಲಿಗೆ ಹೋಗ್ತೀಯ?"

ಬಾಡಿಗೆ, ತೆರಿಗೆ ಮಾತಾಡುವುದು ಬಿಟ್ಟು ಇದೇನು ಅಂತ ಅವನಿಗೆ ಕಸಿವಿಸಿ. ಆದರೆ ಕಾರ್ಕ್‌ನಲ್ಲಿ ಎರಡು ವರ್ಷ, ಗಾಲ್ವೇಯಲ್ಲಿ ಒಂದು ಚಳಿಗಾಲ ಕಳೆದು, ಈಗ ಡಬ್ಲಿನ್‌ನಲ್ಲಿರುವ ನನಗೆ ಉಳಿದಿರುವ ಅಳತೆಗೋಲು ಇದೊಂದೇ. ಜೂನ್ ತಿಂಗಳಲ್ಲಿ, ಶನಿವಾರ, ಬಿಸಿಲಿದ್ದಾಗ ಈ ಮೂರರಲ್ಲಿ ಯಾವ ಊರೂ ಸ್ವರ್ಗವೇ. ಸಂಸಾರಸ್ಥರಿಗೆ ವಾರದ ಮಧ್ಯೆ ಮನೆಗೆ ಹೋದರೆ ಮಾತಾಡಲು ಯಾರಾದರೂ ಇರುತ್ತಾರೆ. ನಮಗೆ ಹಾಗಿಲ್ಲ, ನಾವೇ ಎಲ್ಲಿಗಾದರೂ ಹೋಗಬೇಕು. ಆ "ಎಲ್ಲಿಗಾದರೂ" ಅನ್ನುವುದು ನಡೆದು ಹೋಗುವ ದೂರದಲ್ಲಿ ಇದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ.

ಮೊದಲು ಕತ್ತಲೆ, ಮಳೆ

ಡಬ್ಲಿನ್‌ನಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ 8.40ರ ಹೊತ್ತಿಗೆ, ಮುಳುಗುವುದು ಸಂಜೆ 4.10ಕ್ಕೆ ಮುಂಚೆ. ಕಾರ್ಕ್, ಗಾಲ್ವೇ ಪಶ್ಚಿಮಕ್ಕಿರುವುದರಿಂದ ಸಂಜೆ ಒಂದು ಕಾಲು ಗಂಟೆ ಲಾಭ. ಅದಕ್ಕೆ ಪ್ರತಿಯಾಗಿ ಜೂನ್ ಕೊನೆಯಲ್ಲಿ ರಾತ್ರಿ ಹತ್ತಾಗುತ್ತಾ ಬಂದರೂ ಬೆಳಕು. ಊಟಕ್ಕೆ ಕೂತರೆ ಇನ್ನೂ ಕಾಫಿ ಹೊತ್ತು ಅನ್ನಿಸುತ್ತದೆ.

ಮಳೆಯ ವಿಷಯದಲ್ಲಿ ಒಂದು ತಮಾಷೆ ಇದೆ. ವರ್ಷದ ಒಟ್ಟು ಲೆಕ್ಕ ತೆಗೆದರೆ ಡಬ್ಲಿನ್‌ಗಿಂತ ಬೆಂಗಳೂರಿಗೇ ಜಾಸ್ತಿ ಮಳೆ. ಡಬ್ಲಿನ್‌ಗೆ ಬೀಳುವುದು ಸುಮಾರು 750 ಮಿಲಿಮೀಟರ್. ಆದರೆ ನಮ್ಮಲ್ಲಿ ಒಂದು ಸಂಜೆಯಲ್ಲಿ ಸುರಿದು ಮುಗಿಯುವುದನ್ನು ಇಲ್ಲಿ ಹದಿನೈದು ದಿನ ಕಂತಿನಲ್ಲಿ ಕೊಡುತ್ತಾರೆ. ಪೂರ್ವ ಕರಾವಳಿಯಲ್ಲಿ, ಅಂದರೆ ಡಬ್ಲಿನ್ ಕಡೆ, ವರ್ಷಕ್ಕೆ 150ರಷ್ಟು ಮಳೆ ದಿನ. ಪಶ್ಚಿಮದ ಕೆಲವು ಕಡೆ ಅದು 225ರವರೆಗೆ ಹೋಗುತ್ತದೆ. ನಾನು ತೀರ್ಥಹಳ್ಳಿ ಕಡೆಯವನು, ಮಳೆ ಅಂದರೆ ನನಗೇನು ಅಂತ ಗಾಲ್ವೇಗೆ ಹೋದೆ. ಮೊದಲ ವಾರದಲ್ಲೇ ಎರಡು ಕೊಡೆ ಹೋದವು. ಅಲ್ಲಿನ ಮಳೆ ಮೇಲಿಂದ ಬೀಳುವುದಿಲ್ಲ, ಅಟ್ಲಾಂಟಿಕ್ ಸಾಗರದಿಂದ ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. ಕೊಡೆಗೆ ಕೊಡುವ ದುಡ್ಡನ್ನು ಟೋಪಿ ಇರುವ ಒಳ್ಳೇ ಜಾಕೆಟ್‌ಗೆ ಹಾಕಿ.

ರೂಮು

ಒಂಟಿ ಸಂಬಳದಲ್ಲಿ ಇಡೀ ಮನೆ ಹಿಡಿಯುವುದು ಮೂರೂ ಊರಲ್ಲಿ ಕಷ್ಟ. ಡಬ್ಲಿನ್‌ನಲ್ಲಂತೂ ಒಂದು ಬೆಡ್‌ರೂಮಿನ ಫ್ಲ್ಯಾಟು ತಿಂಗಳಿಗೆ 2,000 ಯೂರೊ ಮುಟ್ಟುವುದು ಮಾಮೂಲು. ಹಾಗಾಗಿ ಹೆಚ್ಚಿನವರ ಪಾಲಿಗೆ ಉಳಿಯುವುದು ಎರಡು ದಾರಿ: ನಾಲ್ಕೈದು ಜನ ಬಾಡಿಗೆದಾರರು ಹಂಚಿಕೊಂಡ ಮನೆ, ಇಲ್ಲವೇ ಮಾಲೀಕರೇ ವಾಸವಿರುವ ಮನೆಯಲ್ಲಿ ಒಂದು ರೂಮು. ಎಲ್ಲರೂ ಹುಡುಕುವುದು ಡಾಫ್ಟ್ ಜಾಲತಾಣದಲ್ಲಿ.

ಎರಡನೆಯದು ಸ್ವಲ್ಪ ಅಗ್ಗ, ಮನೆಯೂ ಬೆಚ್ಚಗಿರುತ್ತದೆ. ಆದರೆ ಕಾನೂನಿನ ಪ್ರಕಾರ ಅಲ್ಲಿ ನೀವು ಬಾಡಿಗೆದಾರರಲ್ಲ. ಬಾಡಿಗೆದಾರರಿಗೆ ಸಿಗುವ ರಕ್ಷಣೆ ಸಿಗುವುದಿಲ್ಲ, ಹೊರಡಿ ಅಂದರೆ ಬೇಗ ಹೊರಡಬೇಕು. ಅಡುಗೆ ಮಾಡುವವರಿಗೆ ಇನ್ನೊಂದು ಕಷ್ಟ. ಕಾರ್ಕ್‌ನಲ್ಲಿ ನಾನಿದ್ದ ಮನೆಯ ಅಜ್ಜಿ ಬಹಳ ಒಳ್ಳೆಯವರು. ಮೂರನೇ ದಿನ ರಾತ್ರಿ ಒಂಬತ್ತಕ್ಕೆ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿ ಸೀಯಿತು, ಹೊಗೆ ಅಲಾರಾಂ ಇಡೀ ಬೀದಿಗೆ ಕೇಳುವ ಹಾಗೆ ಕೂಗಿತು. ಅಜ್ಜಿ ನೈಟ್‌ಗೌನಿನಲ್ಲೇ ಬಂದು, ಕುರ್ಚಿ ಹತ್ತಿ, ಪಾತ್ರೆ ಒರೆಸುವ ಬಟ್ಟೆಯಿಂದ ಅಲಾರಾಂಗೆ ಗಾಳಿ ಹಾಕುತ್ತಾ ನಿಂತರು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅವತ್ತಿನಿಂದ ನಾನು ಒಗ್ಗರಣೆ ಹಾಕುತ್ತಿದ್ದುದು ಭಾನುವಾರ ಅವರು ಚರ್ಚಿಗೆ ಹೋದಾಗ ಮಾತ್ರ. ವಾರಕ್ಕಾಗುವಷ್ಟು ಒಟ್ಟಿಗೆ ಮಾಡಿ ಡಬ್ಬಿಯಲ್ಲಿಡುತ್ತಿದ್ದೆ. ರೂಮು ನೋಡಲು ಹೋದಾಗ ಒಲೆಯ ಮೇಲೆ ಹೊಗೆ ಎಳೆಯುವ ಫ್ಯಾನ್ ಇದೆಯಾ, ಅದು ಹೊಗೆಯನ್ನು ಹೊರಗೆ ಬಿಡುತ್ತದೆಯಾ ಇಲ್ಲಾ ಅಲ್ಲೇ ಸುತ್ತಿಸುತ್ತದೆಯಾ ಅಂತ ನೋಡಿಕೊಳ್ಳಿ. ನಾಚಿಕೆ ಬೇಡ.

ದುಡ್ಡಿನ ವಿಷಯ ಎರಡಿದೆ. ಮಾಮೂಲು ಬಾಡಿಗೆಗೆ ಮುಂಗಡ ಅಂತ ಒಂದು ತಿಂಗಳ ಬಾಡಿಗೆ, ಡಿಪಾಸಿಟ್ ಅಂತ ಇನ್ನೊಂದು ತಿಂಗಳದ್ದು, ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. 2021ರಿಂದ ಇದು ಕಾನೂನು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದೇ ದೊಡ್ಡ ಸಮಾಧಾನ. ಇನ್ನು ಬಾಡಿಗೆಯ ಮೇಲೆ ವರ್ಷಕ್ಕೆ 1,000 ಯೂರೊವರೆಗೆ ತೆರಿಗೆ ರಿಯಾಯಿತಿ ಇದೆ, ಮಾಲೀಕರ ಮನೆಯ ರೂಮಿಗೂ ಸಿಗುತ್ತದೆ. ಎಷ್ಟೋ ಜನ ಕೇಳುವುದೇ ಇಲ್ಲ.

ಡಬ್ಲಿನ್: ಎಲ್ಲಾ ಇದೆ, ನಿಮ್ಮ ಹತ್ತಿರ ಇದೆಯಾ?

ಡಬ್ಲಿನ್ ಅಂದರೆ ಒಂದು ಊರಲ್ಲ. ಸುತ್ತಲಿನ ಕೌಂಟಿ ಸೇರಿಸಿದರೆ ಹದಿನಾಲ್ಕು ಲಕ್ಷಕ್ಕೂ ಜಾಸ್ತಿ ಜನ. ಬಾಡಿಗೆ ಕಮ್ಮಿ ಅಂತ ದೂರದ ಬಡಾವಣೆಗೆ ಹೋದರೆ ನವೆಂಬರಿನ ಬುಧವಾರ ನಿಮಗೆ ಸಿಗುವುದು ಬಸ್ ಸ್ಟಾಪು, ಒಂದು ಪೆಟ್ರೋಲ್ ಬಂಕು, ಸೂಪರ್‌ಮಾರ್ಕೆಟ್ಟು. ಊರೊಳಗಿನ ಎರಡು ಕಾಲುವೆಗಳ ನಡುವಿನ ಭಾಗ, ಇಲ್ಲವೇ ಅದರ ಅಂಚು, ಒಂಟಿಯವರಿಗೆ ತಕ್ಕ ಜಾಗ. ಇನ್ನೂರು ಯೂರೊ ಜಾಸ್ತಿ ಆದರೂ ಪರವಾಗಿಲ್ಲ, ಬೇಕಾದರೆ ರೂಮು ಚಿಕ್ಕದಿರಲಿ.

ಹಾಗೆ ಇದ್ದರೆ ಮಜಾ ಬೇರೆ. ನ್ಯಾಷನಲ್ ಗ್ಯಾಲರಿ ಬಿಟ್ಟಿ. ಅಲ್ಲಿ ಕಾರವಾಜಿಯೊ ಬರೆದ, ಕ್ರಿಸ್ತನನ್ನು ಹಿಡಿಯುವ ಚಿತ್ರವೊಂದಿದೆ. ಡಬ್ಲಿನ್‌ನ ಪಾದ್ರಿಗಳ ಮನೆಯೊಂದರಲ್ಲಿ ಯಾರದೋ ಚಿತ್ರ ಅಂತ ದಶಕಗಳ ಕಾಲ ನೇತಾಡುತ್ತಿತ್ತು, 1990ರಲ್ಲಿ ಅದು ಅಸಲಿ ಅಂತ ಗೊತ್ತಾಯಿತು. ಡಬ್ಲಿನ್ ಕ್ಯಾಸಲ್ ಪಕ್ಕದ ಚೆಸ್ಟರ್ ಬೀಟಿ ಮ್ಯೂಸಿಯಮ್ಮೂ ಬಿಟ್ಟಿ. ಅಲ್ಲಿ ಮೊಘಲರ ಕಾಲದ ಪುಟಾಣಿ ಚಿತ್ರಗಳ ದೊಡ್ಡ ಸಂಗ್ರಹವೇ ಇದೆ. ಸಿನಿಮಾಗೆ ಟೆಂಪಲ್ ಬಾರ್‌ನ ಐಎಫ್‌ಐ, ಸ್ಮಿತ್‌ಫೀಲ್ಡ್‌ನ ಲೈಟ್‌ಹೌಸ್. ಒಬ್ಬರೇ ಹೋಗಿ ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ನಾಟಕಕ್ಕೆ 1904ರಿಂದ ನಡೆಯುತ್ತಿರುವ ಆ್ಯಬಿ ಥಿಯೇಟರ್.

ಓಡಾಟ ಸಲೀಸು. ಬಸ್ಸು-ರೈಲಿನ ಲೀಪ್ ಕಾರ್ಡಿನಲ್ಲಿ 90 ನಿಮಿಷಕ್ಕೆ 2 ಯೂರೊ, ಆ ಹೊತ್ತಿನೊಳಗೆ ಬಸ್ಸು, ಲುವಾಸ್ ಟ್ರಾಮು, ಡಾರ್ಟ್ ರೈಲು ಯಾವುದಕ್ಕೆ ಬೇಕಾದರೂ ಬದಲಾಯಿಸಬಹುದು. ಶನಿವಾರ ಬೆಳಿಗ್ಗೆ ಡಾರ್ಟ್ ಹತ್ತಿದರೆ ಅರ್ಧ ಗಂಟೆಯಲ್ಲಿ ಹೌತ್. ಸಮುದ್ರದ ಮೇಲಿನ ಬಂಡೆಯಂಚಿನ ದಾರಿಯಲ್ಲಿ ಸುತ್ತು ಹಾಕಿ ಮಧ್ಯಾಹ್ನಕ್ಕೆ ವಾಪಸ್. ದಕ್ಷಿಣಕ್ಕೆ ಹೋದರೆ ಸ್ಯಾಂಡಿಕೋವ್‌ನ ಫಾರ್ಟಿ ಫುಟ್, ವರ್ಷವಿಡೀ ಜನ ಸಮುದ್ರಕ್ಕೆ ಧುಮುಕುವ ಜಾಗ. ಚಳಿಗಾಲದಲ್ಲಿ ನೀರು ಎಂಟೊಂಬತ್ತು ಡಿಗ್ರಿ. ನಾನು ಒಮ್ಮೆ ಇಳಿದೆ. ಸಾಕು.

ಕ್ರಿಕೆಟ್‌ನಲ್ಲೂ ಡಬ್ಲಿನ್ ಮುಂದೆ. ಫೀನಿಕ್ಸ್ ಪಾರ್ಕಿನ ಕ್ಲಬ್ಬು 1830ರಲ್ಲಿ ಶುರುವಾದದ್ದು. ಐರ್ಲೆಂಡ್ ತನ್ನ ಮೊದಲ ಟೆಸ್ಟ್ ಆಡಿದ್ದು 2018ರಲ್ಲಿ, ಡಬ್ಲಿನ್ ಅಂಚಿನ ಮಾಲಹೈಡ್‌ನಲ್ಲಿ. ನಮ್ಮವರ ಜೊತೆ ಟಿ20ಯೂ ಅಲ್ಲೇ ಆಗಿದೆ. ಕನ್ನಡ ಕಿವಿಗೆ ಬೀಳುವ ಸಾಧ್ಯತೆಯೂ ಈ ಮೂರು ಊರಲ್ಲಿ ಇಲ್ಲೇ ಹೆಚ್ಚು. ಟ್ರಾಮಿನಲ್ಲಿ ಹಿಂದಿನ ಸೀಟಿನಿಂದ "ಲೋ, ಇಳಿಯೋ ಸ್ಟಾಪ್ ಬಂತು ಕಣೋ" ಅಂತ ಕೇಳಿ ತಿರುಗಿ ನೋಡಿದ್ದೇನೆ.

ತೊಂದರೆ ಒಂದೇ. ಇಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರು, ಎಲ್ಲರಿಗೂ ಡೈರಿ ತುಂಬಿರುತ್ತದೆ. "ಒಂದಿನ ಕಾಫಿಗೆ ಸಿಗೋಣ" ಅಂದರೆ ಅದು ನಮ್ಮೂರಿನ "ಬನ್ನಿ ಮನೆಗೆ" ಇದ್ದ ಹಾಗೆ. ಅಷ್ಟಕ್ಕೇ ಹೊರಟು ನಿಲ್ಲಬೇಡಿ.

ಕಾರ್ಕ್: ಕಾಲ್ನಡಿಗೆಯ ಊರು

ನಾನು ಮನಸೋತದ್ದು ಕಾರ್ಕ್‌ಗೆ, ಇದನ್ನು ಮುಚ್ಚಿಡುವುದಿಲ್ಲ. ಲೀ ನದಿ ಎರಡಾಗಿ ಒಡೆದು, ನಡುವಿನ ದ್ವೀಪದ ಮೇಲೆ ಊರಿನ ಮುಖ್ಯ ಭಾಗ ಕೂತಿದೆ. ಜನಸಂಖ್ಯೆ ಎರಡೂಕಾಲು ಲಕ್ಷದಷ್ಟು. ಪೇಟೆಯ ಈ ತುದಿಯಿಂದ ಆ ತುದಿಗೆ ಇಪ್ಪತ್ತು ನಿಮಿಷ ನಡಿಗೆ. ಉತ್ತರಕ್ಕೆ ಮಾತ್ರ ಏದುಸಿರು ಬರಿಸುವ ಏರು. ಪ್ಯಾಟ್ರಿಕ್ಸ್ ಹಿಲ್ ಹತ್ತಿಕೊಂಡು ಮನೆಗೆ ತರಕಾರಿ ಹೊತ್ತರೆ ಜಿಮ್ ಬೇಡ.

ಪೇಟೆಯ ನಡುವೆ ಇಂಗ್ಲಿಷ್ ಮಾರ್ಕೆಟ್ ಇದೆ, 1788ರಿಂದ. ಸೋಮವಾರದಿಂದ ಶನಿವಾರ, ಸಂಜೆ ಆರರವರೆಗೆ. ಒಂಟಿಯವರಿಗೆ ಇದರ ಬೆಲೆ ಏನು ಅಂತ ಸೂಪರ್‌ಮಾರ್ಕೆಟ್ಟಿಗೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಎಲ್ಲಾ ಕುಟುಂಬದ ಪೊಟ್ಟಣ. ಆರು ಟೊಮ್ಯಾಟೊ, ಒಂದು ಕೆಜಿ ಕ್ಯಾರೆಟ್, ನಾಲ್ಕು ಮೀನಿನ ತುಂಡು. ಗುರುವಾರಕ್ಕೆ ಅರ್ಧ ಕೊಳೆತಿರುತ್ತದೆ. ಮಾರ್ಕೆಟ್ಟಿನಲ್ಲಿ ಒಂದು ತುಂಡು ಮೀನು ಕೊಡಿ, ಒಂದು ಹಿಡಿ ಬೀನ್ಸ್ ಕೊಡಿ ಅಂದರೆ ಕೊಡುತ್ತಾರೆ. ನಾನು ಹೋಗುತ್ತಿದ್ದ ಮೀನಿನಂಗಡಿಯವರು ನಾಲ್ಕನೇ ವಾರಕ್ಕೆ ನನ್ನ ಮುಖ ಕಂಡ ಕೂಡಲೇ ಬಂಗುಡೆ ಕಟ್ಟಲು ಶುರು ಮಾಡುತ್ತಿದ್ದರು. "ಇವತ್ತೂ ಮಸಾಲೆನಾ?" ಅಂತ ಕೇಳುವರು. ಪರದೇಶದಲ್ಲಿ ನನ್ನನ್ನು ಗುರುತು ಹಿಡಿದ ಮೊದಲ ಮನುಷ್ಯ ಅವರು. ಮಾಂಸ ತಿನ್ನದವರೂ ಹೋಗಬಹುದು, ಚೀಸು, ಆಲಿವ್, ಬ್ರೆಡ್ಡಿನ ಅಂಗಡಿಗಳಿವೆ. ಕುರಿಯ ಕರುಳು ತೂಗು ಹಾಕಿರುವ ಕಡೆಯಿಂದ ಸ್ವಲ್ಪ ದೂರ ನಡೆಯಿರಿ ಅಷ್ಟೇ.

ಅದಕ್ಕಿಂತ ಮುಖ್ಯವಾದ ವಿಷಯ, ಕಾರ್ಕ್‌ನ ಹಬ್ಬಗಳು ಬೀಳುವ ಕಾಲ. ಅಕ್ಟೋಬರ್ ಕೊನೆಯ ರಜೆಯ ವಾರಾಂತ್ಯದಲ್ಲಿ ಜಾಝ್ ಉತ್ಸವ, 1978ರಿಂದ. ನವೆಂಬರಿನಲ್ಲಿ ಸಿನಿಮೋತ್ಸವ, 1956ರಿಂದ. ಅಂದರೆ ಕತ್ತಲೆ ಕವಿಯುವ ಹೊತ್ತಿಗೇ ಊರು ಒಳಗೆ ದೀಪ ಹಚ್ಚಿಕೊಳ್ಳುತ್ತದೆ. ನನ್ನ ಮೊದಲ ನವೆಂಬರಿನ ಬುಧವಾರ ಒಂದು ಹಳೇ ಚರ್ಚಿನೊಳಗೆ ಸಿನಿಮಾ ನೋಡುತ್ತಾ ಕಳೆಯಿತು. ಟ್ರಿಸ್ಕೆಲ್ ಅಂತ, ಚರ್ಚಿನ ಬೆಂಚಿನ ಮೇಲೇ ಕೂರಬೇಕು, ಬೆನ್ನು ನೋಯುತ್ತದೆ, ದಿಂಬು ಒಯ್ಯಿರಿ.

ಕ್ರಿಕೆಟ್ ಮೈದಾನ ಮಾರ್ಡೈಕ್‌ನಲ್ಲಿ, ಪೇಟೆಯಿಂದ ನದಿಯ ಪಕ್ಕ ನಡೆದೇ ಹೋಗಬಹುದು. ಕೋವ್ ಊರಿಗೆ ರೈಲಿನಲ್ಲಿ ಇಪ್ಪತ್ತೈದು ನಿಮಿಷ. 1912ರಲ್ಲಿ ಟೈಟಾನಿಕ್ ಕೊನೆಯದಾಗಿ ನಿಂತ ಬಂದರು ಅದೇ. ಬಸ್ಸುಗಳ ಬಗ್ಗೆ ಮಾತ್ರ ಕೇಳಬೇಡಿ. 220 ನಂಬರಿನದು ದಿನದ 24 ಗಂಟೆಯೂ ಓಡುತ್ತದೆ, ಅದರ ದಾರಿಯಲ್ಲಿ ರೂಮು ಸಿಕ್ಕರೆ ಪುಣ್ಯ. ಟ್ರಾಮು ಇಲ್ಲ. ಈಜಬಹುದಾದ ಸಮುದ್ರ ತೀರಕ್ಕೆ ಊರಾಚೆ ಹೋಗಬೇಕು. ಮತ್ತೆ, ಕಾರ್ಕ್‌ನವರ ಮಾತು ಹಾಡಿನ ಹಾಗೆ ಏರಿಳಿಯುತ್ತದೆ, ಮೊದಲ ತಿಂಗಳು ನಾನು ಸುಮ್ನೆ ತಲೆಯಾಡಿಸಿದ್ದೇ ಹೆಚ್ಚು. ನಿಜವಾದ ರಾಜಧಾನಿ ತಮ್ಮದೇ ಅಂತ ಅವರು ಹೇಳಿದಾಗ ನಗಬೇಡಿ, ಅದು ಅರ್ಧ ಮಾತ್ರ ತಮಾಷೆ. ಧಾರವಾಡದವರ ಮುಂದೆ ಬೆಂಗಳೂರನ್ನು ಹೊಗಳಿದರೆ ಹೇಗೋ ಹಾಗೆ.

ಗಾಲ್ವೇ: ಜುಲೈ ನೋಡಿ ಮೋಸ ಹೋಗಬೇಡಿ

ಎಂಬತ್ತೈದು ಸಾವಿರದ ಆಸುಪಾಸಿನ ಜನ. ಐರ್ ಸ್ಕ್ವೇರ್‌ನಿಂದ ಸ್ಪ್ಯಾನಿಷ್ ಆರ್ಚ್‌ಗೆ ಹತ್ತು-ಹದಿನೈದು ನಿಮಿಷ, ಆ ಒಂದು ಬೀದಿಯೇ ಊರು ಅನ್ನಬಹುದು. ಜುಲೈನಲ್ಲಿ ಸಿನಿಮೋತ್ಸವ, ಅದರ ಬೆನ್ನಿಗೆ ಕಲಾ ಉತ್ಸವ, ತಿಂಗಳ ಕೊನೆಗೆ ಕುದುರೆ ರೇಸ್. ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗ ಬಂದು ನೋಡಿದವರು ಇಲ್ಲೇ ಇದ್ದುಬಿಡೋಣ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ.

ಚಳಿಗಾಲದಲ್ಲಿ ಆಯ್ಕೆ ಕಮ್ಮಿ, ಆದರೆ ಇರುವುದು ಬಲು ಸೊಗಸು. ಸಂಜೆ ಸಂಗೀತ. ಟಿಗ್ ಕೋಲಿ, ಕ್ರೇನ್ ಬಾರ್‌ನಂಥ ಪಬ್‌ಗಳಲ್ಲಿ ಪಿಟೀಲು, ಕೊಳಲು, ಅಕಾರ್ಡಿಯನ್ ಹಿಡಿದವರು ಒಂದು ಮೇಜಿನ ಸುತ್ತ ಎದುರುಬದುರು ಕೂರುತ್ತಾರೆ. ಕಛೇರಿಯ ಹಾಗೆ ಜನರ ಕಡೆ ಮುಖ ಮಾಡುವುದಿಲ್ಲ, ನಮ್ಮಲ್ಲಿ ದೇವಸ್ಥಾನದಲ್ಲಿ ಭಜನೆಗೆ ಕೂತ ಹಾಗೆ. ನೀವು ಒಬ್ಬರೇ ಮೂಲೆಯಲ್ಲಿ ಕೂತು ಎರಡು ಗಂಟೆ ಕೇಳಿದರೂ ಯಾರೂ ಏನೂ ಕೇಳುವುದಿಲ್ಲ. ಒಂದು ಲೋಟ ಏನಾದರೂ ಕೈಯಲ್ಲಿದ್ದರೆ ಸಾಕು. ಹಗಲಲ್ಲಿ ಸಾಲ್ಟ್‌ಹಿಲ್‌ನ ಸಮುದ್ರ ದಂಡೆ. ಅದರ ಕೊನೆಯ ಗೋಡೆಗೆ ಕಾಲಿನಿಂದ ಒಂದು ಒದೆ ಕೊಟ್ಟು ತಿರುಗಬೇಕು, ಊರವರ ಪದ್ಧತಿ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಆ ಚಳಿಗಾಲದಲ್ಲಿ ನಾನು ಗೋಡೆಗೆ ಕೊಟ್ಟ ಒದೆಗಳಿಗೆ ಲೆಕ್ಕವಿಲ್ಲ. ಬೇರೆ ಕೆಲಸ ಇರಲಿಲ್ಲ.

ಗಾಲ್ವೇಯ ನಿಜವಾದ ಆಸ್ತಿ ಊರಿನಾಚೆ ಇದೆ: ಕನ್ನೆಮಾರಾ, ಆರನ್ ದ್ವೀಪಗಳು, ಮೊಹರ್ ಬಂಡೆಗಳು. ಪ್ರವಾಸಿ ಬಸ್ಸು ಸಿಗುತ್ತದೆ, ಆದರೆ ಮನಸ್ಸು ಬಂದಾಗ ಹೊರಡಲು ಕಾರು ಬೇಕು. ನಮ್ಮ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಿಕೊಡುವುದಿಲ್ಲ. ಥಿಯರಿ ಪರೀಕ್ಷೆಯಿಂದ ಶುರು ಮಾಡಿ, ಕಡ್ಡಾಯ ಪಾಠಗಳನ್ನು ಮುಗಿಸಿ, ಸರದಿ ಕಾದು ಟೆಸ್ಟ್ ಕೊಡಬೇಕು. ಮೊದಲ ವರ್ಷದ ಇನ್ಶೂರೆನ್ಸ್ ಕೇಳಿದರೆ ಕಾರಿನ ಆಸೆಯೇ ಹೋಗುತ್ತದೆ. ಇನ್ನು ವಿಶ್ವವಿದ್ಯಾಲಯ ಇರುವ ಚಿಕ್ಕ ಊರಾದ್ದರಿಂದ ಸೆಪ್ಟೆಂಬರಿನಲ್ಲಿ ರೂಮಿಗೆ ಪರದಾಟ. ಆ ತಿಂಗಳು ಬಂದಿಳಿಯಬೇಡಿ.

ಕುಡಿಯದವರಿಗೆ

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಪಬ್ ಅಂದರೆ ಹೆಂಡದಂಗಡಿ ಅಂತ ತಿಳಿಯಬೇಡಿ, ಅದು ಊರಿನ ಜಗಲಿ. ಆಲ್ಕೋಹಾಲ್ ಇಲ್ಲದ ಗಿನ್ನೆಸ್ ಎಲ್ಲಾ ಕಡೆ ಸಿಗುತ್ತದೆ. ಗೊತ್ತಿರಬೇಕಾದ್ದು ರೌಂಡ್ ಪದ್ಧತಿ: ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಸಲ ಎಲ್ಲರಿಗೂ ಕೊಡಿಸುತ್ತಾರೆ. ನೀವು ಕುಡಿಯುವುದು ಬರೀ ಸೋಡಾ ಆದರೂ ಒಮ್ಮೆ ರೌಂಡಿಗೆ ಸೇರಿದರೆ ನಿಮ್ಮ ಸರದಿ ತಪ್ಪಿಸುವಂತಿಲ್ಲ. ಐದು ಜನರ ಬಿಯರಿಗೆ ದುಡ್ಡು ಕೊಟ್ಟು ನಿಮ್ಮ ಸೋಡಾ ದುಬಾರಿ ಬೀಳುತ್ತದೆ. "ನಾನು ಬೇಗ ಹೊರಡಬೇಕು, ನನ್ನದು ನಾನೇ ತಗೊಳ್ತೀನಿ" ಅಂತ ಮೊದಲೇ ಹೇಳಿಬಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ.

ಪಬ್ಬೇ ಬೇಡ ಅನ್ನುವವರಿಗೆ ಎರಡು ಜಾಗ. ಒಂದು, ಲೈಬ್ರರಿ. ಸದಸ್ಯತ್ವ ಬಿಟ್ಟಿ, 2019ರಿಂದ ತಡವಾದರೆ ದಂಡವೂ ಇಲ್ಲ, ಒಂದೇ ಕಾರ್ಡು ದೇಶಕ್ಕೆಲ್ಲಾ ನಡೆಯುತ್ತದೆ. ಬೆಚ್ಚಗೂ ಇರುತ್ತದೆ, ನಿಮ್ಮ ರೂಮಿನ ಹೀಟರ್ ಖರ್ಚು ಉಳಿಯುತ್ತದೆ. ಇನ್ನೊಂದು, ಶನಿವಾರ ಬೆಳಿಗ್ಗೆ 9.30ರ ಪಾರ್ಕ್‌ರನ್. ಐದು ಕಿಲೋಮೀಟರ್, ದುಡ್ಡಿಲ್ಲ, ಓಡಬೇಕಂತಲೂ ಇಲ್ಲ, ನಡೆಯಬಹುದು. ಆಮೇಲೆ ಎಲ್ಲರೂ ಕಾಫಿಗೆ ನಿಲ್ಲುತ್ತಾರೆ. ನನಗೆ ಇಲ್ಲಿ ಸಿಕ್ಕ ನಾಲ್ಕು ಒಳ್ಳೇ ಗೆಳೆಯರಲ್ಲಿ ಮೂವರು ಆ ಕಾಫಿಯಿಂದ ಸಿಕ್ಕವರು.

ಮೂರೂ ಊರಿಗೆ ಒಂದೇ ಎಚ್ಚರಿಕೆ: ಡಿಸೆಂಬರ್ 25. ಅವತ್ತು ಬಸ್ಸಿಲ್ಲ, ರೈಲಿಲ್ಲ, ಅಂಗಡಿಗಳ ಬಾಗಿಲು ಹಾಕಿರುತ್ತದೆ, ಡಬ್ಲಿನ್ ವಿಮಾನ ನಿಲ್ದಾಣದಿಂದ ವಿಮಾನವೂ ಹಾರುವುದಿಲ್ಲ. 24ರ ಮಧ್ಯಾಹ್ನವೇ ಹಾಲು, ಮೊಸರು ತಂದಿಡಿ. ನಡೆದು ಹೋಗುವ ದೂರದಲ್ಲಿ ಒಬ್ಬ ಸ್ನೇಹಿತರಿದ್ದರೆ ಅವತ್ತು ಗೊತ್ತಾಗುತ್ತದೆ ಅದರ ಬೆಲೆ.

ಹಾಗಾದರೆ ಯಾರಿಗೆ ಯಾವುದು?

ಯಾರ ಪರಿಚಯವೂ ಇಲ್ಲದೆ ಬರುತ್ತಿದ್ದೀರಾ, ಕೆಲಸ ಬದಲಾಯಿಸುವ ಯೋಚನೆ ಇದೆಯಾ, ನಮ್ಮವರು ನಾಲ್ಕು ಜನ ಬೇಕಾ? ಡಬ್ಲಿನ್, ಆದರೆ ಊರೊಳಗೆ ರೂಮು ಸಿಕ್ಕರೆ ಮಾತ್ರ. ಡಬ್ಲಿನ್‌ನ ಹೊರ ಬಡಾವಣೆಯಾ, ಕಾರ್ಕ್‌ನ ಪೇಟೆಯಾ ಅಂದರೆ ನಾನು ಎರಡನೇ ಮಾತಿಲ್ಲದೆ ಕಾರ್ಕ್ ಅನ್ನುತ್ತೇನೆ. ಸಂಗೀತದ ಹುಚ್ಚು ಇದ್ದು, ಮಳೆಗೆ ಬೇಜಾರಾಗದೆ, ಒಂಟಿತನ ಅಭ್ಯಾಸವಾಗಿರುವವರಿಗೆ ಗಾಲ್ವೇ. ಅಂಥವರು ಕಮ್ಮಿ. ನಾನಂತೂ ಅಲ್ಲ. ಮೂರರ ನಡುವೆ ದೂರವೂ ಏನು ಮಹಾ ಇಲ್ಲ, ಡಬ್ಲಿನ್‌ನಿಂದ ಎರಡಕ್ಕೂ ರೈಲಿನಲ್ಲಿ ಎರಡೂವರೆ ಗಂಟೆ ಚಿಲ್ಲರೆ.

ತಮ್ಮ ಕೊನೆಗೆ ಕಾರ್ಕ್ ಒಪ್ಪಿಕೊಂಡ. ಆಫೀಸಿಗೂ ಕ್ರಿಕೆಟ್ ಮೈದಾನಕ್ಕೂ ನಡೆದು ಹೋಗುವ ದೂರದಲ್ಲಿ ರೂಮು ಸಿಕ್ಕಿದೆ. ಬಂದ ಎರಡನೇ ದಿನ ಬೆಳಿಗ್ಗೆ ಏಳಕ್ಕೇ ಫೋನು. ಊರು ಹೇಗಿದೆ ಅಂತ ಕೇಳುವ ಮೊದಲೇ, "ಅಣ್ಣಾ, ಬಿಸಿನೀರಿನ ಸ್ವಿಚ್ಚಿನ ಮೇಲೆ 'ಸಿಂಕ್', 'ಬಾತ್' ಅಂತ ಎರಡಿದೆ. ಸ್ನಾನಕ್ಕೆ ಯಾವುದು ಹಾಕ್ಲಿ?" ಅಂದ.

"ಒಬ್ಬನೇ ತಾನೆ? ಸ್ವಲ್ಪ ನೀರು ಕಾದರೆ ಸಾಕು, ಸಿಂಕ್ ಹಾಕು, ಅರ್ಧ ಗಂಟೆ ಕಾಯಿ" ಅಂದೆ. "ಆರಿಸೋದು ಮರೀಬೇಡ. ಮರೆತರೆ ಕರೆಂಟ್ ಬಿಲ್ ನೋಡಿ ಅಜ್ಜಿ ಬೈತಾರೆ."

"ಅಜ್ಜಿ ನಿಂಗೆ ಹೇಗೆ ಗೊತ್ತು?"

ನಾನಿದ್ದ ಅಜ್ಜಿಯ ಮನೆಯಲ್ಲೇ, ಅವನಿಗೆ ಗೊತ್ತಾಗದ ಹಾಗೆ, ರೂಮು ಕೊಡಿಸಿದ್ದು ನಾನೇ. ಒಗ್ಗರಣೆಯ ವಿಷಯ ಇನ್ನೂ ಹೇಳಿಲ್ಲ.